ಹೊಗಿ ಇಲ್ಲದ ಬೆಂಕಿ

ಎಳ್ಳಮಾವಾಸ್ಯೆಯ ಹಿಂದಿನ ದಿನ ಸೇಡಂನ ನಮ್ಮ ಮನಿ ಜಾತ್ರೆ ಇದ್ದಂಗ. ಮರುದಿನ ಹೊಲಕ್ಕೆ ಬುತ್ತಿ ಹೋಗಬೇಕು. 20 ಮಂದಿಗೆ ಸಜ್ಜಿ ರೊಟ್ಟಿ, ಭಜ್ಜಿ, ಕಡಬು. ಒಳಗಿನ ಗ್ಯಾಸ್ ಸಾಲದೆಂದು ಹಿತ್ತಲಲ್ಲಿ ಒಲಿ ಹೂಡುತ್ತೇವೆ. "ಒಲಿಗಿ ಏನ್ ತರ್ಲಿ?" ಅಂತ ನಾನು ಕೇಳಿದ್ದೇ ತಪ್ಪಾಯಿತು ನೋಡ್ರಿ.

"ತೊಗರಿ ಕಟ್ಟಿಗಿ ತಾ" ಎಂದಳು ಚಿತ್ತಾಪುರದ ಕಾಕಿ. "ಅದು ಹುಸ್ ಅಂತ ಉರಿದು ಹೋಗ್ತದ, ಜಾಲಿ ತಾ" ಎಂದಳು ಶಹಾಬಾದಿನ ಅಕ್ಕ. ಆಯಿ ಮಾತಾಡದೆ ಕುಳ್ಳಿನ ಬುಟ್ಟಿ ಎಳಕೊಂಡು ಕೂತಳು.

ಅಕ್ಕ ಸೀದಾ ಪರಸಿ ಮೇಲೆಯೇ ಕಟ್ಟಿಗಿ ಜೋಡಿಸತೊಡಗಿದಳು. ಆಯಿ ಚೀರಿದಳು. "ಪರಸಿ ಮ್ಯಾಲ ಬ್ಯಾಡವಾ, ಸಿಡೀತದ! ನಿಮ್ಮೂರ ಕಲ್ಲಿಗೂ ನಿನ್ನಂಗೇ ಸಿಟ್ಟು." ಶಹಾಬಾದಿ ಪರಸಿ ಸುಣ್ಣದ ಕಲ್ಲು. ಒಂದೇ ಕಡೆ ಜೋರು ಶಾಖ ತಾಕಿದರೆ ಬಿರಿದು ಚಕ್ಕೆ ಹಾರುತ್ತದೆ. ಒಲಿ ಮಣ್ಣಿನ ನೆಲಕ್ಕೆ ಸರಿಯಿತು.

ಇಷ್ಟೊತ್ತೂ ಸುಮ್ಮನಿದ್ದ ವಾಡಿಯ ಭಾವ ಬಾಯಿ ಹಾಕಿದರು. ಅವರು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. "ಆಯಿ, ನಮ್ಮ ಭಟ್ಟಿಯೊಳಗ 1450 ಡಿಗ್ರಿ ಶಾಖ ಇರ್ತದ. ಕಲ್ಲಿದ್ದಲು ಹಿಟ್ಟಿನಂಗ ಅರೆದು ಗಾಳಿ ಜೋಡಿ ಊದ್ತೀವಿ."

"ಅದರಾಗ ರೊಟ್ಟಿ ಆಗ್ತದೇನ್ರೀ ಅಳಿಯಂದ್ರೇ?" ಎಂದಳು ಆಯಿ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆದರೆ ಭಾವನ ಮಾತಿನಲ್ಲಿ ತಿರುಳಿತ್ತು. ಉರಿ ಅಂದ್ರ ಗಾಳಿಯ ಆಟ. ತೊಗರಿ ಕಟ್ಟಿಗಿ ತೆಳು, ಸುತ್ತಲೂ ಗಾಳಿ ಸಿಗುವುದರಿಂದ ಭಗ್ಗನೆ ಹತ್ತುತ್ತದೆ. ಹಂಚಿನ ಅಡಿಗೆಲ್ಲ ಉರಿ ಹರಡಿ ರೊಟ್ಟಿ ಪುರಿಯಂತೆ ಉಬ್ಬುತ್ತದೆ. ಒಬ್ಬರು ಮಾತ್ರ ಕಟ್ಟಿಗಿ ಇಡುತ್ತಲೇ ಕೂಡಬೇಕು. ಜಾಲಿ ಗಟ್ಟಿ ಕಟ್ಟಿಗಿ. ತಡವಾಗಿ ಹತ್ತಿ, ತಾಸುಗಟ್ಟಲೆ ಕೆಂಡ ಕೊಡುತ್ತದೆ. ಭಜ್ಜಿ ಬೇಯಲಿಕ್ಕೆ ಅದೇ ಸೈ. ಕುಳ್ಳು ಮೆಲ್ಲಗೆ ಸುಡುತ್ತಾ ತನ್ನ ಬೂದಿಯನ್ನೇ ಹೊದ್ದುಕೊಳ್ಳುತ್ತದೆ. ಹಾಲು ಕಾಯಿಸಲು ಅದಕ್ಕಿಂತ ತಾಳ್ಮೆಯ ಬೆಂಕಿ ಇಲ್ಲ. ಹಸಿ ಕಟ್ಟಿಗಿಯ ಶಾಖ ಮೊದಲು ಅದರ ನೀರು ಆರಿಸಲಿಕ್ಕೇ ಹೋಗುತ್ತದೆ. ಪೂರ್ತಿ ಉರಿಯದೆ ಉಳಿದದ್ದು ಹೊಗಿಯಾಗಿ ನಮ್ಮ ಕಣ್ಣಿಗೆ ಬರುತ್ತದೆ. ಗ್ಯಾಸಿನ ಉರಿ ನೀಲಿ ಇದ್ದರೆ ಗಾಳಿ ಸರಿಯಾಗಿ ಸೇರಿದೆ ಎಂದರ್ಥ. ಹಳದಿಯಾಗಿ ಪಾತ್ರೆ ತಳ ಕಪ್ಪಾದರೆ ಬರ್ನರ್ ತೊಳೀರಿ.

ರಾತ್ರಿ ಮೈ ಕೊರೆಯುವ ಥಂಡಿ. ಚಿಂಚೋಳಿಯ ವೈನಿ ಉಳಿದ ಜಾಲಿ ಕೆಂಡವನ್ನು ಕಬ್ಬಿಣದ ಬುಟ್ಟಿಗೆ ತುಂಬಿ, ಮಕ್ಕಳು ಮಲಗುವ ಕೋಣೆಗೆ ತಂದಿಟ್ಟಳು. "ಹೊಗಿ ಒಂಚೂರೂ ಇಲ್ಲ, ಬೆಚ್ಚಗ ಮಲಗ್ತಾವ" ಎಂದು ಕಿಟಕಿ ಹಾಕಿ, ಬಾಗಿಲು ಎಳೆಯಲು ಹೊರಟಳು.

ಅಲ್ಲೀತನಕ ನಗುತ್ತಿದ್ದ ಭಾವ ದಡಕ್ಕನೆ ಎದ್ದರು. "ಬ್ಯಾಡ್ರೀ ವೈನಿ, ಮೊದಲು ಅದನ್ನ ಹೊರಗ ಒಯ್ರಿ."

ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ತಲೆನೋವು, ವಾಕರಿಕೆ, ಮಂಪರು. ನಿದ್ದಿಯಲ್ಲಿದ್ದ ಮಗುವಿಗೆ ಅದೂ ಗೊತ್ತಾಗದು, ಏಳುವುದೇ ಇಲ್ಲ. "ಸಿಲಿಂಡರ್ ಗ್ಯಾಸಿಗೆ ನಮಗ ಗೊತ್ತಾಗ್ಲಿ ಅಂತ ವಾಸನಿ ಬೆರೆಸಿರ್ತಾರ. ಕೆಂಡಕ್ಕ ಯಾರ್ ಬೆರಸ್ತಾರ್ರೀ?" ಎಂದರು ಭಾವ.

ವೈನಿ ಮುಖ ಸಪ್ಪಗಾಯಿತು. ಆಯಿ ಆಕೆಯ ಬೆನ್ನು ಸವರಿದಳು. "ನಾವೂ ಕೆಂಡ ಇಟಗೊಂಡೇ ಮಲಗ್ತಿದ್ವಿ ಮಗಳ. ಆದ್ರ ಆಗಿನ ಮನಿಗಿ ಬೆಳಕಿಂಡಿ ಇರ್ತಿತ್ತು, ಬಾಗಲಾ ಸಂದಿ ಬಿಟ್ಟಿರ್ತಿತ್ತು. ಈಗ ಗಾಜಿನ ಕಿಟಕಿ, ಗಾಳಿ ಎಲ್ಲಿಂದ ಬರಬೇಕು?"

ಕೆಂಡದ ಬುಟ್ಟಿ ಅಂಗಳಕ್ಕೆ ಹೋಯಿತು. ಅದರ ಸುತ್ತ ಕೂತು ಹರಟಿ, ಮಕ್ಕಳಿಗೆ ಎರಡೆರಡು ಕೌದಿ ಹೊದಿಸಿ ಮಲಗಿಸಿದೆವು.

ನಿಮ್ಮನಿಯಲ್ಲೂ ಕೆಂಡ ಕಾಯಿಸುವವರಿದ್ದರೆ ಬಯಲಲ್ಲೇ ಕಾಯಿಸಿರಿ. ಬೆಂಕಿ ಇರುವ ಕೋಣೆಯಲ್ಲಿ ಯಾರಿಗಾದರೂ ತಲೆ ಭಾರವಾದರೆ ಮೊದಲು ಹೊರಗಿನ ಗಾಳಿಗೆ ಕರೆತಂದು, ಕೂಡಲೇ ದವಾಖಾನೆಗೆ ಒಯ್ಯಿರಿ.

ಮರುದಿನ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಆಯಿ ಮೊದಲ ರೊಟ್ಟಿ ಭಾವನ ಕೈಗಿಟ್ಟಳು. "ತಗೋರಿ ಅಳಿಯಂದ್ರೇ. 1450 ಡಿಗ್ರಿದಲ್ಲ, ತೊಗರಿ ಕಟ್ಟಿಗಿದು!"