ಮೊದಲು ಲೇಥ್, ಮಿಲ್ಲಿಂಗ್ ಆಮೇಲೆ

ಐಟಿಐ ಮುಗಿಸಿ ಮನೆ ಪಕ್ಕದ ಶೆಡ್ಡಿನಲ್ಲೇ ವರ್ಕ್‌ಶಾಪ್ ಹಾಕಲು ಹೊರಟ ಹುಡುಗರಿಗೆ ಎದುರಾಗುವ ಮೊದಲ ಆಮಿಷ ‘ಒಂದರಲ್ಲೇ ಎರಡು’ ಯಂತ್ರ. ಲೇಥೂ ಅದೇ, ಮಿಲ್ಲಿಂಗೂ ಅದೇ, ಜಾಗವೂ ಉಳಿತಾಯ. ಸಾಲ ಮಾಡಿ ದುಡ್ಡು ಹಾಕುವವರಿಗೆ ನಾವು ಹೇಳುವುದು ಒಂದೇ ಮಾತು: ಬೇಡ.

ಇಂಥ ಯಂತ್ರಗಳು ಸಾಮಾನ್ಯವಾಗಿ ಹಗುರ. ಕಬ್ಬಿಣ ಕಡಿಯುವಾಗ ನಡುಗುತ್ತವೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು. ಅಷ್ಟಕ್ಕೂ ಊರಿನ ಕೆಲಸ ಎಂಥದ್ದು? ಪಂಪ್‌ಸೆಟ್ಟಿನ ಶಾಫ್ಟ್, ಟ್ರೇಲರ್ ಪಿನ್ನು, ಸವೆದ ಬುಶ್. ಎಲ್ಲವೂ ದುಂಡಗಿನವು, ಲೇಥಿನವು. ಅಪರೂಪಕ್ಕೆ ಬರುವ ಕೀವೇ ಕೆಲಸವನ್ನು ಲೇಥಿಗೇ ವರ್ಟಿಕಲ್ ಸ್ಲೈಡ್ ಜೋಡಿಸಿ ನಿಧಾನಕ್ಕೆ ಮಾಡಿಕೊಳ್ಳಬಹುದು.

ಲೇಥ್ ಹಳೆಯದಾದರೂ ಪರವಾಗಿಲ್ಲ, ಭಾರವಾಗಿರಲಿ. ಎಚ್‌ಎಂಟಿ ಎಂದರೆ ನಮಗೆ ವಾಚು ನೆನಪಾಗುತ್ತದೆ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಅದು ಹುಟ್ಟಿದ್ದು ಇಂಥ ಯಂತ್ರಗಳಿಗಾಗಿ. ರಾಜ್‌ಕೋಟ್, ಬಟಾಲಾದ ಲೇಥ್‌ಗಳೂ ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ಹೊಸ ಬಣ್ಣ ನೋಡಿ ಮರುಳಾಗಬೇಡಿ. ಬೆಡ್ ಹೆಚ್ಚು ಸವೆಯುವುದು ಚಕ್ಕಿನ ಹತ್ತಿರ. ಕ್ಯಾರೇಜನ್ನು ಅಲ್ಲಿ ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ತಳ್ಳಿ. ಅಲ್ಲಿ ಸಿಕ್ಕಿಕೊಂಡರೆ ಬೆಡ್ ಸವೆದಿದೆ ಎಂದೇ ಲೆಕ್ಕ.

ಇನ್ನು ಕರೆಂಟು. ದೊಡ್ಡ ಲೇಥ್‌ಗಳ ಮೋಟಾರು ತ್ರೀ ಫೇಸ್, ಹಳ್ಳಿಮನೆಯ ಮೀಟರು ಸಿಂಗಲ್ ಫೇಸ್. ಮೋಟಾರು 2 ಎಚ್‌ಪಿಯೊಳಗಿದ್ದರೆ ವಿಎಫ್‌ಡಿ ಹಾಕಿ 230 ವೋಲ್ಟಿನಲ್ಲೇ ಓಡಿಸಬಹುದು. ಆದರೆ ಮೀಟರಿಗೆ ಮಂಜೂರಾದ ಲೋಡ್ ಎಷ್ಟು, ಅರ್ಥಿಂಗ್ ಸರಿಯಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳುವ ಯೋಚನೆಯಂತೂ ಬೇಡ. ಅದು ನೀರಿಗೆಂದು ಕೊಟ್ಟ ಕರೆಂಟು.

ಇದ್ದಬದ್ದ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿದರೂ ಕಷ್ಟ. ಮೂರರಲ್ಲೊಂದು ಪಾಲು ಟೂಲು, ಡ್ರಿಲ್ಲು, ಮೈಕ್ರೋಮೀಟರ್, ಡಯಲ್ ಗೇಜಿಗೆ ಎತ್ತಿಡಿ. ಇವಿಲ್ಲದ ಲೇಥ್ ಎತ್ತಿಲ್ಲದ ಗಾಡಿ. ಮನೆಯಂಗಳದ ಶೆಡ್ಡಿಗೆ ಮಕ್ಕಳು ನುಗ್ಗುತ್ತಾರೆ, ಬಾಗಿಲಿಗೊಂದು ಚಿಲಕ ಇರಲಿ. ತಿರುಗುವ ಚಕ್ಕಿನ ಮುಂದೆ ಕೈಗವಸು, ಸಡಿಲ ತೋಳಿನ ಅಂಗಿ ಕೂಡದು.

ಮಿಲ್ಲಿಂಗ್ ಮೆಷಿನ್ನನ್ನು ಲೇಥಿನ ದುಡಿಮೆಯಿಂದಲೇ ತನ್ನಿ. ಆಗಲೂ ದುಂಡು ಕಂಬದ್ದು ಬೇಡ. ಅದರ ತಲೆ ಏರಿಸಿ ಇಳಿಸಿದರೆ ಹಿಡಿದ ಗುರಿ ತಪ್ಪುತ್ತದೆ. ಡವ್‌ಟೇಲ್ ಕಂಬದ್ದು ಹುಡುಕಿ. ಕಂತು ಕಟ್ಟಲು ಯಂತ್ರ ದುಡಿಯಬೇಕೇ ಹೊರತು, ಯಂತ್ರದ ಕಂತಿಗಾಗಿ ಅಪ್ಪ ಜಮೀನು ಅಡವಿಡುವಂತೆ ಆಗಬಾರದು.