ಎಣಿಕೆಗೆ ಸಿಕ್ಕದ ಕಾನೂನು ಪಾಂಡಿತ್ಯ

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಗೆ ಕಾನೂನು ವಿಭಾಗ ಸೇರಿದ್ದು 2018ರಲ್ಲಿ. ಅಂದಿನಿಂದ 2025ರವರೆಗೆ ಪ್ರತಿವರ್ಷವೂ ಅದರ ಮೊದಲ ಸ್ಥಾನ ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯದೇ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠ ಆರಂಭಿಸಿ, ಐದು ವರ್ಷಗಳ ಕಾನೂನು ಪದವಿಗೆ ದೇಶದಲ್ಲಿ ಹೊಸ ಘನತೆ ತಂದ ಸಂಸ್ಥೆಗೆ ಈ ಗೌರವ ಸಲ್ಲತಕ್ಕದ್ದೇ. ಅದರ ಬಗ್ಗೆ ತಕರಾರಿಲ್ಲ. ಈ ವರ್ಷಗಳನ್ನು ಹಿಂದಿರುಗಿ ನೋಡುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಕಾನೂನು ಅಧ್ಯಾಪಕರ ಸಂಶೋಧನೆಯನ್ನು ಅಳೆಯಹೊರಟವರು ಅಳೆದದ್ದು ಏನನ್ನು?

ಈ ಅಳತೆಯ ಹುಚ್ಚು ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿ ಹೆಸರು, ಹಣ, ಪ್ರವೇಶ ಪರೀಕ್ಷೆಯ ಅಂಕಗಳ ಸುತ್ತ ಸುತ್ತುತ್ತಿದ್ದಾಗ ಬ್ರಯಾನ್ ಲೈಟರ್ ಎಂಬ ಕಾನೂನು ತತ್ತ್ವಶಾಸ್ತ್ರಜ್ಞರು ಬೇರೊಂದು ದಾರಿ ಹಿಡಿದರು. ಒಂದು ಶಾಲೆಯ ಅಧ್ಯಾಪಕರ ಬರಹಗಳನ್ನು ಬೇರೆ ವಿದ್ವಾಂಸರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿದರು. ಆ ಕೆಲಸವನ್ನು ಮುಂದೆ ಗ್ರೆಗರಿ ಸಿಸ್ಕ್ ಮತ್ತು ಸಂಗಡಿಗರು ಮೂರು ವರ್ಷಕ್ಕೊಮ್ಮೆ ಮಾಡುತ್ತ ಬಂದರು. ಇದರಿಂದ ಒಳ್ಳೆಯದೂ ಆಯಿತು ಎಂದು ಒಪ್ಪಿಕೊಳ್ಳಲೇಬೇಕು. ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ 2009ರಲ್ಲಷ್ಟೇ ಬಾಗಿಲು ತೆರೆದ ಕಾನೂನು ಶಾಲೆ 2012ರ ಎಣಿಕೆಯಲ್ಲಿ ಮೊದಲ ಹತ್ತರೊಳಗೆ ಬಂತು. ಹಳೆಯ ಹೆಸರಿನ ಬಲದ ಮೇಲೆ ನಡೆಯುವ ಪಟ್ಟಿಯಲ್ಲಿ ಅಂಥ ಶಾಲೆ ತಲೆಯೆತ್ತಲು ಒಂದು ತಲೆಮಾರೇ ಬೇಕಾಗುತ್ತಿತ್ತು. ಆದರೆ ಸಂವಿಧಾನದ ಬಗ್ಗೆ ಬರೆದವರಿಗೆ ಸಿಗುವ ಉಲ್ಲೇಖ ತೆರಿಗೆ ಕಾನೂನಿನ ಬಗ್ಗೆ ಬರೆದವರಿಗೆ ಸಿಗುವುದಿಲ್ಲ. ಪುಸ್ತಕ ಬರೆಯುವವರೂ ಕಿರಿಯರೂ ಹಿಂದೆ ಬೀಳುತ್ತಾರೆ. 2019ರಲ್ಲಿ ಯುಎಸ್ ನ್ಯೂಸ್ ತಾನೂ ಇಂಥದೊಂದು ಪಟ್ಟಿ ಮಾಡುವುದಾಗಿ ಘೋಷಿಸಿದಾಗ ಎದ್ದ ಆಕ್ಷೇಪಗಳಲ್ಲಿ ಇವೇ ಮುಖ್ಯವಾಗಿದ್ದವು. 2021ರಲ್ಲಿ ಪತ್ರಿಕೆ ಆ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷ ಯೇಲ್ ಮತ್ತು ಹಾರ್ವರ್ಡ್ ಅದರ ಮುಖ್ಯ ಪಟ್ಟಿಯೊಂದಿಗೇ ಸಹಕಾರ ನಿಲ್ಲಿಸಿದವು.

ನಾವು ಆ ವಾದವಿವಾದವನ್ನು ನಡೆಸದೆಯೇ ಅದರ ಅಳತೆಗೋಲನ್ನು ತಂದುಕೊಂಡೆವು. ಎನ್‌ಐಆರ್‌ಎಫ್‌ಗೆ ಪ್ರಕಟಣೆ ಮತ್ತು ಉಲ್ಲೇಖಗಳ ಲೆಕ್ಕ ಬರುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ದತ್ತಾಂಶಗಳಿಂದ. ರಸಾಯನಶಾಸ್ತ್ರಕ್ಕೆ ಹೊಂದುವ ಈ ವ್ಯವಸ್ಥೆ ಕಾನೂನಿಗೆ ಹೊಂದುತ್ತದೆಯೇ? ಭಾರತದ ಕಾನೂನನ್ನು ತಿದ್ದಿದ ಒಂದು ಉಪನ್ಯಾಸವನ್ನೂ ಒಂದು ಪತ್ರವನ್ನೂ ನೆನೆಯೋಣ.

1965ರ ಫೆಬ್ರುವರಿಯಲ್ಲಿ ಹೈಡೆಲ್‌ಬರ್ಗ್‌ನ ಪ್ರಾಧ್ಯಾಪಕ ಡೀಟ್ರಿಶ್ ಕೊನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಅಂತರ್ಗತ ಮಿತಿಗಳಿವೆಯೇ ಎಂಬುದು ವಿಷಯ. ಆ ವಾದ ವಕೀಲ ಎಂ.ಕೆ. ನಂಬಿಯಾರ್ ಅವರ ಕೈಸೇರಿ ಗೋಲಕನಾಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. 1973ರಲ್ಲಿ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರು ಹೊತ್ತ ತೀರ್ಪಿನಲ್ಲಿ, ಸಂವಿಧಾನದ ಮೂಲಸ್ವರೂಪವನ್ನು ತಿದ್ದುಪಡಿಯಿಂದ ಬದಲಿಸಲಾಗದು ಎಂಬ ಸಿದ್ಧಾಂತವಾಗಿ ಅದು ನೆಲೆಗೊಂಡಿತು.

ಇನ್ನೊಂದು, 1979ರ ಬಹಿರಂಗ ಪತ್ರ. ಮಥುರಾ ಎಂಬ ಹುಡುಗಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟ್ ಖುಲಾಸೆಗೊಳಿಸಿದಾಗ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ನೇರವಾಗಿ ಮುಖ್ಯ ನ್ಯಾಯಮೂರ್ತಿಗೇ ಪತ್ರ ಬರೆದರು. ಪ್ರತಿಭಟಿಸಲಿಲ್ಲವೆಂದರೆ ಒಪ್ಪಿದಂತೆ ಎಂಬ ಕೋರ್ಟಿನ ತರ್ಕವನ್ನು ಸಾಲು ಸಾಲಾಗಿ ಬಿಡಿಸಿಟ್ಟರು. ದೇಶದ ಮಹಿಳಾ ಚಳವಳಿ ಅದನ್ನು ಕೈಗೆತ್ತಿಕೊಂಡಿತು. 1983ರಲ್ಲಿ ಅತ್ಯಾಚಾರದ ಕಾನೂನೂ ಸಾಕ್ಷ್ಯ ಕಾನೂನೂ ತಿದ್ದುಪಡಿಯಾದವು. ಕಾನೂನು ವಿದ್ವತ್ತಿನ ಪ್ರಭಾವವೆಂದರೆ ಇದಲ್ಲದೆ ಇನ್ನಾವುದು? ಇಂದು ಯಾರಾದರೂ ಅಂಥ ಪತ್ರ ಬರೆದರೆ ಅವರ ಸಂಸ್ಥೆಗೆ ಪ್ರಕಟಣೆಯ ಲೆಕ್ಕದಲ್ಲಿ ಬರುವ ಅಂಕ ಸೊನ್ನೆ.

ಕರ್ನಾಟಕದ ಮಟ್ಟಿಗೆ ಈ ನಷ್ಟ ಇನ್ನೂ ಆಳವಾದದ್ದು. 1974ರ ಭೂಸುಧಾರಣಾ ತಿದ್ದುಪಡಿ ಈ ರಾಜ್ಯದ ಗೇಣಿದಾರರ ಬದುಕನ್ನೇ ಬದಲಿಸಿತು. ಭೂನ್ಯಾಯ ಮಂಡಳಿಗಳ ಕಡತಗಳನ್ನು ಓದಿ, ಭೂಮಿಯ ಹಕ್ಕಿಗಾಗಿ ಏಳನೇ ನಮೂನೆಯ ಅರ್ಜಿ ಹಾಕಿದವರಲ್ಲಿ ಯಾರಿಗೆ ಭೂಮಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಹತ್ತು ವರ್ಷ ಕೂತು ಬರೆಯುವ ಅಧ್ಯಾಪಕರನ್ನು ಉಲ್ಲೇಖಿಸುವವರು ಲಂಡನ್ನಿನಲ್ಲೂ ಬಾಸ್ಟನ್ನಿನಲ್ಲೂ ಎಷ್ಟು ಮಂದಿ ಇದ್ದಾರು? ಅದನ್ನೇ ಕನ್ನಡದಲ್ಲಿ ಬರೆದರಂತೂ ಲೆಕ್ಕದ ಪುಸ್ತಕದಲ್ಲಿ ಅವರು ಬರೆದೇ ಇಲ್ಲ. ತಾಲ್ಲೂಕು ಕೋರ್ಟಿನ ವಕೀಲರು ನಿಜವಾಗಿ ಬಳಸುವುದು ಅಂಥ ಪುಸ್ತಕವನ್ನೇ. ಬಡ್ತಿ ಮತ್ತು ಅನುದಾನ ಈ ಅಂಕಗಳಿಗೆ ಅಂಟಿಕೊಂಡಷ್ಟೂ ಕಿರಿಯ ಅಧ್ಯಾಪಕರು ತಮ್ಮ ಊರಿನ ಕಾನೂನಿನಿಂದ ದೂರ ಸರಿಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಪಟ್ಟಿಯನ್ನೇ ಕಿತ್ತೆಸೆಯಿರಿ ಎಂದು ನಾವು ಹೇಳುತ್ತಿಲ್ಲ. ಎಣಿಕೆ ಇಲ್ಲದ ಕಾಲದಲ್ಲಿ ಶಿಫಾರಸು ಮತ್ತು ಹೆಸರೇ ಆಳುತ್ತಿದ್ದವು. ಆ ಕಾಲ ಮರಳಬಾರದು. ಬದಲಾಗಬೇಕಾದದ್ದು ಏನನ್ನು ಎಣಿಸುತ್ತೇವೆ ಎಂಬುದು. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಸಿಗುತ್ತಿವೆ. ಯಾವ ಅಧ್ಯಾಪಕರ ಬರಹವನ್ನು ನ್ಯಾಯಮೂರ್ತಿಗಳು ಎತ್ತಿಕೊಂಡರು, ಕಾನೂನು ಆಯೋಗದ ಯಾವ ವರದಿ ಯಾರ ವಾದವನ್ನು ಒಪ್ಪಿತು ಎಂದು ಹುಡುಕುವುದು ಈಗ ಆಗದ ಕೆಲಸವೇನಲ್ಲ. ಇವನ್ನೂ, ಭಾರತೀಯ ಭಾಷೆಗಳ ಕಾನೂನು ಗ್ರಂಥಗಳನ್ನೂ ಪರಿಣತರಿಂದ ಪರಿಶೀಲಿಸಿ ಲೆಕ್ಕಕ್ಕೆ ಸೇರಿಸಬೇಕು. ಎನ್‌ಐಆರ್‌ಎಫ್ ಮುಂದೆ ಈ ಬೇಡಿಕೆಯನ್ನು ಇಡುವ ಹೊಣೆ ಎಂಟು ವರ್ಷ ಅಗ್ರಸ್ಥಾನದಲ್ಲಿರುವ ಸಂಸ್ಥೆಯದು. ಮೊದಲ ಸ್ಥಾನದಲ್ಲಿರುವವರು ಕೇಳಿದರೆ ಅದನ್ನು ಸೋತವರ ಗೊಣಗಾಟ ಎಂದು ಯಾರೂ ತಳ್ಳಿಹಾಕಲಾರರು.