ಊಹಾ ಸಂಖ್ಯೆಗೆ ಹೆಸರೇ ಶಾಪ

ಪ್ರಥಮ ಪಿಯುಸಿಯಲ್ಲಿ ಸಂಮಿಶ್ರ ಸಂಖ್ಯೆಗಳ ಪಾಠ ಶುರುವಾದಾಗ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ: ‘ಇಲ್ಲದ ಸಂಖ್ಯೆಯನ್ನು ಯಾಕೆ ಕಲಿಯಬೇಕು?’ ಬಹಳ ಸಲ ಸಿಗುವ ಉತ್ತರ: ‘ಐ ವರ್ಗ ಅಂದರೆ ಮೈನಸ್ ಒಂದು, ಬರೆದುಕೊಳ್ಳಿ. ಸಿಇಟಿಗೆ ಬರುತ್ತೆ’. ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಾ, ಸಂಜೆ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುವ ನನಗೆ ಈ ಉತ್ತರ ಸಾಲದು ಅನ್ನಿಸುತ್ತದೆ.

ಮಕ್ಕಳ ಅನುಮಾನ ಹಳೆಯದು, ನಮ್ಮ ನೆಲದ್ದೂ ಹೌದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದರು. ಅಂದಿನ ಲೆಕ್ಕಗಳಿಗೆ ಅಷ್ಟು ಸಾಕಿತ್ತು.

ಸಾಲದೆ ಹೋದದ್ದು 16ನೇ ಶತಮಾನದ ಇಟಲಿಯಲ್ಲಿ. ಒಂದು ಲೆಕ್ಕ ನೋಡಿ: ಒಂದು ಸಂಖ್ಯೆಯ ಘನ, ಅದೇ ಸಂಖ್ಯೆಯ 15 ಪಟ್ಟಿಗೆ 4 ಕೂಡಿಸಿದಷ್ಟಿರಬೇಕು. ಉತ್ತರ 4; ಏಕೆಂದರೆ 64 = 60 + 4. ಆದರೆ 1545ರಲ್ಲಿ ಕಾರ್ಡಾನೊ ಪ್ರಕಟಿಸಿದ ಸೂತ್ರದಿಂದ ಇದನ್ನು ಬಿಡಿಸಹೊರಟರೆ ನಡುವೆ ಮೈನಸ್ 121ರ ವರ್ಗಮೂಲ ಎದುರಾಗುತ್ತದೆ. 1572ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬೊಂಬೆಲ್ಲಿ ಅಲ್ಲಿಗೇ ನಿಲ್ಲಲಿಲ್ಲ. ಅದನ್ನೂ ಸಂಖ್ಯೆಯೆಂದೇ ಭಾವಿಸಿ ಕೂಡಿಸಿ, ಗುಣಿಸಿದರು. ಕೊನೆಯಲ್ಲಿ ಆ ವಿಚಿತ್ರ ಭಾಗಗಳು ಒಂದನ್ನೊಂದು ವಜಾ ಮಾಡಿಕೊಂಡು ಸರಿಯಾದ 4 ಉಳಿಯಿತು. ವಾಸ್ತವ ಉತ್ತರಕ್ಕೆ ದಾರಿ ‘ಇಲ್ಲದ’ ಸಂಖ್ಯೆಯ ಮೂಲಕವೇ ಇತ್ತು! 1637ರಲ್ಲಿ ಡೆಕಾರ್ಟ್ ಇಂಥವನ್ನು ‘ಊಹಾ’ ಎಂದು ಕರೆದರು. ಆ ಹೆಸರು ಇಂದಿಗೂ ಬಿಟ್ಟಿಲ್ಲ.

ಹೆಸರು ಮರೆತು ಚಿತ್ರ ನೋಡೋಣ. ಸಂಖ್ಯಾರೇಖೆಯ ಮೇಲಿನ 3ನ್ನು ಮೈನಸ್ 1ರಿಂದ ಗುಣಿಸಿದರೆ ಅದು ಸೊನ್ನೆಯ ಸುತ್ತ 180 ಡಿಗ್ರಿ ತಿರುಗಿ ಮೈನಸ್ 3ಕ್ಕೆ ಬರುತ್ತದೆ. ಇದೇ ತಿರುವು ಎರಡು ಸಮ ಕಂತುಗಳಲ್ಲಿ ಆಗಬೇಕಾದರೆ? ಪ್ರತಿ ಸಲ 90 ಡಿಗ್ರಿ ತಿರುಗಿದರಾಯಿತು. ಆ 90 ಡಿಗ್ರಿಯ ತಿರುವೇ ‘ಐ’. ಅದು ರೇಖೆಯ ಮೇಲಿಲ್ಲ ನಿಜ; ಗ್ರಾಫ್ ಹಾಳೆಯಲ್ಲಿ ಸೊನ್ನೆಯಿಂದ ನೇರ ಮೇಲಕ್ಕಿದೆ. 3+2ಐ ಅಂದರೆ ಬಲಕ್ಕೆ ಮೂರು ಮನೆ, ಮೇಲಕ್ಕೆ ಎರಡು ಮನೆ. ಅಷ್ಟೇ.

ಈ ತಿರುವು ನಮ್ಮ ಮನೆಯ ಕರೆಂಟಿನಲ್ಲೂ ಇದೆ. ಎಸಿ ಸರ್ಕ್ಯೂಟ್‌ನ ಕೆಪಾಸಿಟರಿನಲ್ಲಿ ವಿದ್ಯುತ್ ಪ್ರವಾಹ ವೋಲ್ಟೇಜಿಗಿಂತ 90 ಡಿಗ್ರಿ ಮುಂದಿರುತ್ತದೆ. ಎಂಜಿನಿಯರುಗಳು ಅದನ್ನು ಒಂದೇ ಅಕ್ಷರದಲ್ಲಿ ಬರೆಯುತ್ತಾರೆ. ‘ಐ’ ಎಂಬುದು ಅವರಿಗೆ ಪ್ರವಾಹದ ಗುರುತಾದ್ದರಿಂದ ಇಲ್ಲಿ ‘ಜೆ’ ಬಳಸುತ್ತಾರೆ.

ಐಯ ಘಾತಗಳನ್ನು ಬಾಯಿಪಾಠ ಮಾಡಿದವರಿಗೆ ಸಿಇಟಿಯಲ್ಲಿ ಅಂಕ ಬರಬಹುದು. ಆದರೆ ಸಂದರ್ಶನದಲ್ಲಿ ‘ಇಂಪೀಡೆನ್ಸ್‌ನಲ್ಲಿ ಜೆ ಯಾಕೆ?’ ಎಂದು ಕೇಳಿದರೆ ಬಾಯಿಪಾಠ ಕೈಹಿಡಿಯುವುದಿಲ್ಲ. ‘ಗಣಿತ ನನ್ನ ತಲೆಗೆ ಹತ್ತಲ್ಲ’ ಎಂದು ಕೈಚೆಲ್ಲುವ ಎಷ್ಟೋ ಮಕ್ಕಳಿಗೆ ಬೇಕಿರುವುದು ಹೆಚ್ಚು ಬುದ್ಧಿಯಲ್ಲ, ಆ ‘ಯಾಕೆ’ಗೆ ಉತ್ತರ. ಉಪನ್ಯಾಸಕರು ಸೂತ್ರ ಬರೆಸುವ ಮುನ್ನ ಒಂದು ಪೀರಿಯಡ್ ಅದಕ್ಕೆ ಕೊಡಲಿ. ಕೊಡದಿದ್ದರೆ ಗೆಳೆಯರೇ, ನೀವೇ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. 3ನ್ನು ನಾಲ್ಕು ಸಲ ಐನಿಂದ ಗುಣಿಸಿ, ಪ್ರತಿ ಸಲ ಎಲ್ಲಿ ನಿಂತಿತೆಂದು ಗುರುತು ಹಾಕಿ. ಮತ್ತೆ 3ಕ್ಕೇ ಬಂದು ನಿಂತಾಗ, ಬಾಯಿಪಾಠದ ಅಗತ್ಯವೇ ಇರಲಿಲ್ಲವೆಂದು ನಿಮಗೇ ತಿಳಿಯುತ್ತದೆ.